ಗೋಣಿ ತೂಕ

ಪ್ರತಿ ತಿಂಗಳು ಒಂಬತ್ತನೇ ತಾರೀಖು
ನಾನು ಸುಳ್ಳು ಹೇಳಲು ಹೋಗುತ್ತೇನೆ.

ಪೆನ್ಶನ್ ಮೊಹಲ್ಲಾ ದಾಟಿ, ಬಿಸಿಲೇರುವ ಮುಂಚೆ,
ಕಂಕುಳಲ್ಲಿ ತಾಯಿ ಕಾರ್ಡು,
ಅದರೊಳಗೆ ಎಳನೀರಿಗೆಂದು ಅವನು ಕೊಟ್ಟ ನೋಟು,
ಮಡಿಕೆ ಬಿಚ್ಚದೆ ವಾಪಸು ಬರುವಂಥದ್ದು.

ಫಿಲೋಮಿನಾ ಸಿಸ್ಟರು ತಲೆಯೆತ್ತದೆ ಕೇಳುತ್ತಾರೆ:
ನಿನ್ನೆ ರಾತ್ರಿ ಏನುಂಡೆ?
ಮುದ್ದೆ, ನುಗ್ಗೆಸೊಪ್ಪಿನ ಸಾರು, ಒಂದು ಮೊಟ್ಟೆ.
ಪೂರ್ತಿ ಸುಳ್ಳೇನಲ್ಲ,
ಅದು ನಾನು ಮಾಡಿದ್ದು.
ಉಂಡದ್ದು,
ಎಲ್ಲರೂ ಕೈ ತೊಳೆದ ಮೇಲೆ
ಪಾತ್ರೆಯ ತಳದಲ್ಲಿ ಏನಿತ್ತೋ ಅದು.

ಮಾತ್ರೆ?
ನುಂಗ್ತಿದ್ದೀನಿ ಸಿಸ್ಟರ್.
ಹೊರಕಡೆ ಕಪ್ಪಗೆ ಹೋಗುತ್ತಾ?
ಸಾಲಿನಲ್ಲಿ ಹನ್ನೊಂದು ಬಸುರಿಯರು,
ನಾಚಿಕೆಗೆ, ಇಲ್ಲಪ್ಪ ಇಲ್ಲ, ಅಂದುಬಿಟ್ಟೆ.
ಪೆನ್ನು ನಿಂತಿತು.
"ಕಬ್ಬಿಣ ಹೊಟ್ಟೆಗೆ ಹೋದ್ರೆ ಕಪ್ಪು ಕಣಮ್ಮ.
ಡಬ್ಬಕ್ಕೆ ಹೋದ್ರೆ ಮಾತ್ರ ಬಣ್ಣ ಬದಲಾಗಲ್ಲ."
ಸಾಸಿವೆಯೊಳಗೆ ಹೂತಿಟ್ಟ ನಲವತ್ತೆರಡು ಮಾತ್ರೆ
ಇವರಿಗೆ ಹೇಗೆ ಕಂಡವು?

ವಾಕರಿಕೆ ಬರುತ್ತೆ ಅಂದೆ.
ರಾತ್ರಿ ಉಂಡಮೇಲೆ ನುಂಗು, ನಿಂಬೆಹುಳಿ ಹಿಂಡಿಕೋ,
ಕಾಫಿ ಮಾತ್ರ ಅದರ ಹತ್ತಿರ ಸುಳಿಯಕೂಡದು.
ರಕ್ತ ಎಂಟೂ ನಾಲ್ಕು.
ತೂಕ ಹೋದ ತಿಂಗಳದ್ದೇ.
ಆರನೇ ತಿಂಗಳಲ್ಲಿ ಹೋದ ತಿಂಗಳದ್ದೇ ತೂಕ, ಅಂತ
ಕೆಂಪಿನಲ್ಲಿ ಸುತ್ತು ಹಾಕಿದರು.

ನಮ್ಮದು ಆಲೂಗಡ್ಡೆ ಮಂಡಿಯ ಹಿಂದಿನ ಬೀದಿ.
ಧರಣೇಶ ಹಮಾಲಿ, ತೂಗುವ ಲೆಕ್ಕವೂ ಅವನದೇ.
ನಾನೂ ಅತ್ತೆಯೂ ಗಡ್ಡೆ ಆರಿಸುವವರು,
ದಪ್ಪ, ಮಧ್ಯಮ, ಗೋಲಿ,
ಕಣ್ಣು ಬಿಡದೆ ಹೇಳಬಲ್ಲೆವು.
ಕೊಳೆತದ್ದಾದರೆ ಮೂಗೇ ಸಾಕು.

ಕೆಂಪು ಸುತ್ತು ನೋಡಿ ಅವನು ಮಾತಾಡಲಿಲ್ಲ.
ಭಾನುವಾರ ಸಂಜೆ, ಮಂಡಿ ಖಾಲಿ,
ಧೂಳು ಹಲಗೆಯ ಮೇಲೆ ಕೂತಿತ್ತು,
ಒರೆಸಿ, ಹತ್ತು, ಅಂದ.
ಮೂಟೆ ಹತ್ತುವಲ್ಲಿ ನಾನು ಹತ್ತಿದೆ.
ನಲವತ್ತಾರು ಕೆಜಿ ಮುನ್ನೂರು.
ಅಭ್ಯಾಸಬಲ, ಬಾಯಿ ತಪ್ಪಿ ಅಂದುಬಿಟ್ಟ:
ಗೋಣಿ ತೂಕ ಕಳೀಬೇಕು.

ಆಮೇಲೆ ಅವನೇ ನಾಲಗೆ ಕಚ್ಚಿಕೊಂಡ.
ನನಗೆ ನಗು ಬಂತು, ನಿಲ್ಲಲೇ ಇಲ್ಲ,
ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡೆ.
ಹೌದಲ್ಲ, ಇದರಲ್ಲಿ
ಗೋಣಿ ಎಷ್ಟು, ಮಾಲು ಎಷ್ಟು?
ಗೋಣಿ ತೆಳುವಾದರೆ ಮಾಲು ಎಲ್ಲಿ ನಿಲ್ಲುತ್ತೆ?

ಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ
ಅತ್ತೆ ಕಾಳಿಂಗಮ್ಮ ಎದ್ದು ಬಂತು.
ಮಾತ್ರೆ ನುಂಗಿದ್ರೆ ಕೂಸು ದಪ್ಪಾಗಿ ಹೆರಿಗೆ ಕಷ್ಟ,
ಹಾಗಂತ ಡಬ್ಬ ತೋರಿಸಿಕೊಟ್ಟದ್ದೇ ಈ ಅತ್ತೆ.
ಚಪ್ಪಲಿ ಬಿಟ್ಟು, ದೇವರ ಮುಂದೆ ಬಿಡುವ ಹಾಗೆ,
ಹಲಗೆ ಹತ್ತಿತು.
"ನಂದೂ ನೋಡ್ಲಾ ಮಗ."

ಅರವತ್ತೊಂದು ವರ್ಷಕ್ಕೆ ಮೊದಲ ತೂಕ:
ಮೂವತ್ತೊಂಬತ್ತು.
ಮುಳ್ಳು ಒಂದು ಕ್ಷಣ ನಡುಗಿ ನಿಂತಿತು.
"ಏಳು ಸಲ ತುಂಬಿ ಇಳಿಸಿದ ಚೀಲ," ಅಂತು.
"ಮನೆಗೆ ಬಂದದ್ದು ಮೂರು."
ಉಳಿದ ನಾಲ್ಕರ ಮಾತು
ಅದರ ಬಾಯಿಂದ ಬಂದದ್ದು ಅದೇ ಮೊದಲು.
ಯಾವ ಕಾರ್ಡಿನಲ್ಲೂ ಬರೆಯದ ನಾಲ್ಕು.

ಧರಣೇಶ ತಕ್ಕಡಿಯ ಸರಪಳಿಯನ್ನು
ಕಾರಣವಿಲ್ಲದೆ ಒರೆಸುತ್ತಲೇ ಇದ್ದ.

ಆ ರಾತ್ರಿ ಅತ್ತೆ ಸೌಟು ಕಿತ್ತುಕೊಂಡಿತು.
ಮೊದಲ ಮುದ್ದೆ ನನ್ನ ತಟ್ಟೆಗೆ.
ನಾನು ಎರಡನೆಯದನ್ನು ಅದರ ತಟ್ಟೆಗೆ ಹಾಕಿ,
ನೀವು ಕೂರೋತನಕ ಮುರಿಯಲ್ಲ, ಅಂದೆ.
ಜಗಳವೇ ಆಯಿತು, ಸಾರು ಆರಿತು.
ಕೊನೆಗೆ ಕೂತಿತು.
ಮೊಟ್ಟೆಯನ್ನು ದಾರದಿಂದ ಕೊಯ್ದೆವು, ಸರಿಯಾಗಿ ಎರಡು.
ನಿಂಬೆ ಹಿಂಡಿದ್ದೂ ಅತ್ತೆಯೇ,
ಬೀಜ ಬೀಳದ ಹಾಗೆ ಬೆರಳು ಅಡ್ಡ ಹಿಡಿದು.

ಮತ್ತೆ ಒಂಬತ್ತನೇ ತಾರೀಖು.
ನಲವತ್ತೇಳು ಆರುನೂರು.
ಹೊರಕಡೆ? ಕಪ್ಪು, ಅಂದೆ ಜೋರಾಗಿ,
ಇಡೀ ಸಾಲು ತಿರುಗಿ ನೋಡಿತು.

ನಿನ್ನೆ ರಾತ್ರಿ ಏನುಂಡೆ?
"ಇಬ್ಬರೂ ಹೊಟ್ಟೆ ತುಂಬಾ ಉಂಡ್ವಿ, ಸಿಸ್ಟರ್."
ಫಿಲೋಮಿನಾ ಸಿಸ್ಟರು ಮೊದಲ ಸಲ ತಲೆಯೆತ್ತಿ
ನನ್ನ ಹೊಟ್ಟೆ ನೋಡಿ ನಕ್ಕರು.
ನಾನು ತಿದ್ದಲಿಲ್ಲ.